ಸ್ವರ ಗೇಮಿನದು, ವಾದ್ಯ ನಿಮ್ಮದು

ಕಳೆದ ಮಳೆಗಾಲದಲ್ಲಿ ಸುಂಟಿಕೊಪ್ಪ ಕಡೆಯ ಕಾಫಿ ಬೆಳೆಗಾರರೊಬ್ಬರು ಮಡಿಕೇರಿಯ ನನ್ನ ಅಂಗಡಿಗೆ ಒಂದು ಹಳೆಯ ಲ್ಯಾಪ್‌ಟಾಪ್ ತಂದರು. ಅದಕ್ಕೆ ಲಿನಕ್ಸ್ ಹಾಕಿಕೊಟ್ಟವನು ನಾನೇ. ಹಳೆಯ ಡಾಸ್ ಗೇಮ್‌ಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ 1993ರ ಡೂಮ್ ಗೇಮ್ ಚೆನ್ನಾಗಿಯೇ ಓಡುತ್ತಿತ್ತು. ಗುಂಡಿನ ಸದ್ದು, ಬಾಗಿಲು ತೆರೆಯುವ ಸದ್ದು ಎಲ್ಲಾ ಬರುತ್ತಿತ್ತು. ಸಂಗೀತ ಮಾತ್ರ ಇಲ್ಲ.

"ಸಿಡಿಲಿಗೆ ಸೌಂಡ್ ಕಾರ್ಡ್ ಹೋಯ್ತಾ?" ಎಂದು ಕೇಳಿದರು. ನಮ್ಮೂರಲ್ಲಿ ಆ ಅನುಮಾನ ಬರುವುದು ಸಹಜ. ಆದರೆ ಗುಂಡಿನ ಸದ್ದು ಕೇಳಿಸುತ್ತಿದ್ದರೆ ಕಾರ್ಡ್ ಸರಿಯಾಗಿದೆ ಎಂದೇ ಅರ್ಥ. ಅವರು ಗೇಮಿನ ಸೆಟಪ್‌ನಲ್ಲಿ ಸಂಗೀತಕ್ಕೆ ಜನರಲ್ ಮಿಡಿ ಎಂದು ಆರಿಸಿಕೊಂಡಿದ್ದರು. ಅದನ್ನು ನುಡಿಸಲು ಆ ಲ್ಯಾಪ್‌ಟಾಪ್‌ನಲ್ಲಿ ಯಾರೂ ಇರಲಿಲ್ಲ.

ಗುಂಡಿನ ಸದ್ದು ರೆಕಾರ್ಡ್ ಮಾಡಿಟ್ಟದ್ದು. ಮಿಡಿ ಹಾಗಲ್ಲ. ಅದರಲ್ಲಿ ಸದ್ದೇ ಇರುವುದಿಲ್ಲ. ಯಾವ ಸ್ವರ, ಯಾವ ವಾದ್ಯ, ಎಷ್ಟು ಜೋರು, ಎಷ್ಟು ಹೊತ್ತು ಎಂಬ ಸೂಚನೆಗಳಷ್ಟೇ ಇರುತ್ತವೆ. ಕೊಡಗಿನ ಮದುವೆಯಲ್ಲಿ ವಾಲಗ ಕೇಳಿದವರಿಗೆ ಇದು ಬೇಗ ಹಿಡಿಯುತ್ತದೆ. ಗತ್ತು ಒಂದೇ ಇದ್ದರೂ ತಂಡ ಬದಲಾದರೆ ಕಿವಿಗೆ ಬೇರೆಯೇ ಬೀಳುತ್ತದೆ, ಅಲ್ವಾ? ತಂಡವೇ ಬರದಿದ್ದರೆ ಗತ್ತು ಗೊತ್ತಿದ್ದೂ ಕುಣಿಯುವಂತಿಲ್ಲ.

1991ರಲ್ಲಿ ಬಂದ ಜನರಲ್ ಮಿಡಿ ನಿಯಮ 128 ವಾದ್ಯಗಳಿಗೆ ಒಂದೊಂದು ನಂಬರ್ ಕೊಟ್ಟಿತು. ಹತ್ತನೇ ಚಾನೆಲ್ಲನ್ನು ತಾಳವಾದ್ಯಗಳಿಗೆ ಬಿಟ್ಟಿತು. ಆ ನಂಬರ್ ನೋಡಿ ವಾದ್ಯದ ದನಿ ಕೊಡುವ ಕಡತವೇ ಸೌಂಡ್‌ಫಾಂಟ್. ಈಮು ಮತ್ತು ಕ್ರಿಯೇಟಿವ್ ಕಂಪನಿಗಳ ಈ ಪದ್ಧತಿ 1994ರಲ್ಲಿ ಸೌಂಡ್ ಬ್ಲಾಸ್ಟರ್ ಎಡಬ್ಲ್ಯುಇ32 ಕಾರ್ಡಿನ ಜೊತೆ ಬಂತು. ಈಗ ಕಾರ್ಡ್ ಬೇಡ. ಲಿನಕ್ಸ್‌ನಲ್ಲಿ ಫ್ಲೂಯಿಡ್‌ಸಿಂತ್ ಎಂಬ ಪ್ರೋಗ್ರಾಂ ಆ ಕೆಲಸ ಮಾಡುತ್ತದೆ. ಕಮಾಂಡ್ ಟೈಪ್ ಮಾಡಲು ಹಿಂಜರಿಯುವವರಿಗೆ ನಾನು ಕ್ಯೂಸಿಂತ್ ಹಾಕಿಕೊಡುತ್ತೇನೆ. ಒಳಗಿರುವುದು ಅದೇ ಫ್ಲೂಯಿಡ್‌ಸಿಂತ್, ಹೊರಗೆ ಒತ್ತಲು ಬಟನ್‌ಗಳಿವೆ.

ಜಾಸ್ತಿ ಜನ ಎಡವುವುದು ಜೋಡಣೆಯಲ್ಲಿ. ಗೇಮ್ ಶುರುವಾಗುವ ಮೊದಲೇ ಫ್ಲೂಯಿಡ್‌ಸಿಂತ್ ಓಡುತ್ತಿರಬೇಕು. ಆಮೇಲೆ ಡಾಸ್‌ಬಾಕ್ಸ್‌ನ ಸೆಟ್ಟಿಂಗ್ ಕಡತದಲ್ಲಿ ಮಿಡಿ ಸಾಧನಕ್ಕೆ ಆಲ್ಸಾ (ಲಿನಕ್ಸ್‌ನ ಸದ್ದಿನ ವ್ಯವಸ್ಥೆ) ಎಂದೂ ಸೂಚನೆಗಳು ಹೋಗಬೇಕಾದ ಪೋರ್ಟಿಗೆ 128:0 ಎಂದೂ ಬರೆಯುತ್ತೇವೆ. ಈ 128ನ್ನು ಕಣ್ಣು ಮುಚ್ಚಿ ನಂಬಬೇಡಿ. ಆಲ್ಸಾ ತನ್ನ ಬಳಿ ಬಂದ ಪ್ರೋಗ್ರಾಂಗಳಿಗೆ 128ರಿಂದ ನಂಬರ್ ಹಂಚುತ್ತಾ ಹೋಗುತ್ತದೆ. ಬೇರೆ ಯಾವುದೋ ಮೊದಲು ಬಂದು ಕೂತಿದ್ದರೆ ನಿಮ್ಮದು 129 ಆಗಿರುತ್ತದೆ. ಎಪ್ಲೇಮಿಡಿ ಕಮಾಂಡಿಗೆ ಎಲ್ ಆಯ್ಕೆ ಕೊಟ್ಟು ಪಟ್ಟಿ ನೋಡಿ, ಆಮೇಲೆ ನಂಬರ್ ಬರೆಯಿರಿ. ಇಷ್ಟೆಲ್ಲ ಬೇಡ ಎನ್ನುವವರು ಡಾಸ್‌ಬಾಕ್ಸ್‌ನಿಂದಲೇ ಹುಟ್ಟಿದ ಡಾಸ್‌ಬಾಕ್ಸ್ ಸ್ಟೇಜಿಂಗ್ ಹಾಕಿಕೊಳ್ಳಲಿ. ಅದರ ಒಳಗೇ ಫ್ಲೂಯಿಡ್‌ಸಿಂತ್ ಇದೆ. ಮಿಡಿ ಸಾಧನಕ್ಕೆ ಫ್ಲೂಯಿಡ್‌ಸಿಂತ್ ಎಂದು ಬರೆದು, ಸೌಂಡ್‌ಫಾಂಟ್ ಎಲ್ಲಿದೆ ಎಂದು ಹೇಳಿದರೆ ಸಾಕು. ಹೊಸಬರಿಗೆ ಈಗ ನಾನು ಇದನ್ನೇ ಕೊಡುವುದು.

ಸದ್ದು ಬಂತು, ಆದರೆ ತೀರಾ ಸಣ್ಣಗಿದೆ ಎಂದರೆ ಗಾಬರಿ ಬೇಡ. ಫ್ಲೂಯಿಡ್‌ಸಿಂತ್‌ನ ಗೇನ್, ಅಂದರೆ ಸದ್ದಿನ ಜೋರು, ಮೊದಲಿಗೆ 0.2ರಲ್ಲೇ ಇರುತ್ತದೆ. 0.5ರವರೆಗೆ ಏರಿಸಿ ನೋಡಿ. ಚಟಚಟ ಸದ್ದು ಬಂದರೆ ಬಫರ್, ಅಂದರೆ ಸದ್ದನ್ನು ಮೊದಲೇ ಕೂಡಿಟ್ಟುಕೊಳ್ಳುವ ಜಾಗ, ದೊಡ್ಡದು ಮಾಡಿ. ಹಳೆಯ ಪ್ರೊಸೆಸರ್‌ಗೆ ಸ್ವಲ್ಪ ಉಸಿರಾಡಲು ಜಾಗ ಬೇಕು.

ಇನ್ನು ಯಾವ ಸೌಂಡ್‌ಫಾಂಟ್? ಟಿಮ್ ಜಿಎಂ ಸುಮಾರು 6 ಎಂಬಿ. ಜನರಲ್‌ಯೂಸರ್ ಜಿಎಸ್ 30 ಎಂಬಿ ಆಸುಪಾಸು. ಫ್ಲೂಯಿಡ್ ಆರ್3 140 ಎಂಬಿಗೂ ಮೇಲೆ. ಆಷಾಢದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುವ ಊರಲ್ಲಿ ಈ ಲೆಕ್ಕ ಮುಖ್ಯ. ಅದಕ್ಕೇ ಮೂರನ್ನೂ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿರುತ್ತೇನೆ. ಡೌನ್‌ಲೋಡ್ ಅಷ್ಟೇ ಅಲ್ಲ, ಫ್ಲೂಯಿಡ್‌ಸಿಂತ್ ಸಾಮಾನ್ಯವಾಗಿ ಇಡೀ ಸೌಂಡ್‌ಫಾಂಟನ್ನು ಮೆಮೊರಿಗೆ ತುಂಬಿಕೊಳ್ಳುತ್ತದೆ. ಒಂದು ಜಿಬಿ ರ್‍ಯಾಮ್ ಇರುವ ಯಂತ್ರಕ್ಕೆ ದೊಡ್ಡದು ಭಾರ. ದೊಡ್ಡದೇ ಒಳ್ಳೆಯದು ಎಂದೂ ಅಲ್ಲ. ಆ ಕಾಲದ ಎಷ್ಟೋ ಗೇಮ್ ಸಂಗೀತಗಾರರು ಮಿಡಿ ನುಡಿಸುವ ರೋಲ್ಯಾಂಡ್ ಎಸ್‌ಸಿ-55 ಪೆಟ್ಟಿಗೆಯನ್ನು ಕೇಳುತ್ತಾ ಡ್ರಮ್ಮು, ಗಿಟಾರಿನ ಹದ ನೋಡಿ ಬರೆದರು. ನಿಜವಾದ ಆರ್ಕೆಸ್ಟ್ರಾದಂಥ ಸೌಂಡ್‌ಫಾಂಟ್ ಹಾಕಿದರೆ ಆ ಹದ ತಪ್ಪುತ್ತದೆ. ನನ್ನ ಕಿವಿಗೆ ಗೇಮ್‌ಗಳಿಗೆ ಜನರಲ್‌ಯೂಸರ್ ಜಿಎಸ್ ಚೆನ್ನಾಗಿ ಹೊಂದುತ್ತದೆ.

1991ಕ್ಕಿಂತ ಹಳೆಯ ಗೇಮ್ ಆದರೆ ಎಚ್ಚರ. ಅವುಗಳಲ್ಲಿ ಕೆಲವು 1987ರ ರೋಲ್ಯಾಂಡ್ ಎಂಟಿ-32 ಪೆಟ್ಟಿಗೆಗಾಗಿ ಬರೆದವು. ಅದರ ವಾದ್ಯಗಳ ನಂಬರೇ ಬೇರೆ. ಸೌಂಡ್‌ಫಾಂಟ್ ಹಾಕಿದರೆ ಕೊಳಲು ಬರಬೇಕಾದಲ್ಲಿ ಇನ್ನೇನೋ ಬರುತ್ತದೆ. ಅವಕ್ಕೆ ಆ ಪೆಟ್ಟಿಗೆಯನ್ನು ಅನುಕರಿಸುವ ಮಂಟ್ ಎಂಬ ಬೇರೆ ಪ್ರೋಗ್ರಾಂ ಇದೆ.

ಆ ಬೆಳೆಗಾರರಿಗೆ ಜನರಲ್‌ಯೂಸರ್ ಹಾಕಿಕೊಟ್ಟೆ. ಸಂಗೀತ ತುಂಬಿಕೊಂಡು ಬಂತು. ಅವರು ಎರಡು ನಿಮಿಷ ಕೇಳಿ, "ಚೆನ್ನಾಗಿದೆ, ಆದ್ರೆ ಇದು ಅದಲ್ಲ" ಎಂದರು. ಚಿಕ್ಕಂದಿನಲ್ಲಿ ಯಾವ ಕಂಪ್ಯೂಟರಿನಲ್ಲಿ ಆಡಿದ್ದಿರಿ ಎಂದು ಆಗ ಕೇಳಿದೆ. ಮೊದಲೇ ಕೇಳಬೇಕಿತ್ತು. ಮೈಸೂರಿನ ಚಿಕ್ಕಪ್ಪನ ಮನೆಯಲ್ಲಿ, ಸಾದಾ ಸೌಂಡ್ ಬ್ಲಾಸ್ಟರ್ ಕಾರ್ಡಿನಲ್ಲಿ. ಆ ಕಾರ್ಡಿನಲ್ಲಿ ಸಂಗೀತ ನುಡಿಸುತ್ತಿದ್ದುದು ಯಮಹಾದ ಒಪಿಎಲ್ ಚಿಪ್. ಅದರಲ್ಲಿ ರೆಕಾರ್ಡ್ ಮಾಡಿದ ವಾದ್ಯ ಒಂದೂ ಇಲ್ಲ. ಒಂದು ಅಲೆಯಿಂದ ಇನ್ನೊಂದನ್ನು ಅಲುಗಿಸಿ ದನಿ ಹುಟ್ಟಿಸುತ್ತದೆ. ಗಡುಸು, ಲೋಹದಂಥ ದನಿ. ಡಾಸ್‌ಬಾಕ್ಸ್ ಆ ಚಿಪ್ಪನ್ನೂ ಅನುಕರಿಸುತ್ತದೆ, ಸೌಂಡ್‌ಫಾಂಟ್ ಬೇಕಾಗಿಲ್ಲ. ಸೆಟಪ್‌ಗೆ ಹೋಗಿ ಸಂಗೀತವನ್ನು ಜನರಲ್ ಮಿಡಿಯಿಂದ ಸೌಂಡ್ ಬ್ಲಾಸ್ಟರಿಗೆ ಬದಲಿಸಿದೆ.

ಮೊದಲ ಲೆವೆಲ್ಲಿನ ಗಿಟಾರು ಶುರುವಾಯಿತು. ಅವರು ಕೀಬೋರ್ಡ್ ಮುಟ್ಟದೆ ಸುಮ್ನೆ ಕೂತು ಕೇಳಿದರು.

ಡೆಸ್ಕ್‌ಟಾಪಿನಲ್ಲಿ ಎರಡು ಐಕಾನ್ ಇಟ್ಟುಕೊಟ್ಟೆ, ಒಂದು ಮಿಡಿಗೆ, ಒಂದು ಒಪಿಎಲ್‌ಗೆ. ಮಿಡಿಯದು ಅವರ ಮಗಳಿಗೆ ಇಷ್ಟವಾಗಿದೆಯಂತೆ.