ಫರ್ಸಿ ಮೇಲಿನ ತೊಗರಿ: ಮಾರ್ಕ 4:1–20ರ ಅಧ್ಯಯನ ಟಿಪ್ಪಣಿ

ಬುಧವಾರದ ಕೂಟದಲ್ಲಿ ಬಿತ್ತುವವನ ಸಾಮ್ಯವನ್ನು, ಅಂದರೆ ಯೇಸುಸ್ವಾಮಿ ಹೇಳಿದ ದೃಷ್ಟಾಂತ ಕಥೆಯನ್ನು, ಮೂರು ವಾರ ಓದಿದೆವು. ಒಬ್ಬನು ಬಿತ್ತಿದ ಬೀಜ ದಾರಿ ಮೇಲೆ, ಬಂಡೆಯ ನೆಲದಲ್ಲಿ, ಮುಳ್ಳಿನಲ್ಲಿ, ಒಳ್ಳೆಯ ನೆಲದಲ್ಲಿ ಬೀಳುತ್ತದೆ; ಒಳ್ಳೆಯ ನೆಲದ್ದು ಮಾತ್ರ ನೂರರಷ್ಟರವರೆಗೆ ಫಲ ಕೊಡುತ್ತದೆ. ಬೀಜವೆಂದರೆ ದೇವರ ವಾಕ್ಯ, ನಾಲ್ಕು ನೆಲಗಳೆಂದರೆ ಅದನ್ನು ಕೇಳುವವರು. ಬರಲಾಗದವರಿಗೂ, ಬಂದು ಬರೆದುಕೊಳ್ಳಲಾಗದವರಿಗೂ ಈ ಟಿಪ್ಪಣಿ. ಸತ್ಯವೇದವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಇಪ್ಪತ್ತು ವಚನಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ಮುಗಿಸಿ, ಆಮೇಲೆ ಮುಂದಕ್ಕೆ ಬನ್ನಿ.

ಮೊದಲ ಪ್ರಶ್ನೆ ನಮ್ಮ ಕೂಟದ ರೈತರಿಂದಲೇ ಬಂತು. ದಾರಿ ಮೇಲೆ, ಮುಳ್ಳಿನೊಳಗೆ ಬೀಜ ಹಾಕುವ ಇವನೆಂಥ ರೈತ? ಕೂರಿಗೆಯಲ್ಲಿ ಬಿತ್ತುವ ನಮ್ಮ ಕಲಬುರಗಿ ಸೀಮೆಯವರಿಗೆ ಹಾಗನ್ನಿಸುವುದು ಸಹಜ. ಇಲ್ಲಿ ಕಾಳು ಸಾಲು ಬಿಟ್ಟು ಬೀಳುವುದಿಲ್ಲ. ಯೇಸುಸ್ವಾಮಿಯ ಗಲಿಲಾಯದಲ್ಲಿ ಬೀಜವನ್ನು ಕೈಯಿಂದ ಚೆಲ್ಲಿ ಬಿತ್ತುತ್ತಿದ್ದರು. ಪೈರಿನ ಹೊಲದ ನಡುವೆಯೇ ಕಾಲುದಾರಿ ಇರುತ್ತಿತ್ತು. ಮಾರ್ಕ 2:23 ತೆಗೆದು ನೋಡಿ, ಶಿಷ್ಯರು ಅಂಥ ಹೊಲ ಹಾದುಹೋಗುತ್ತಲೇ ತೆನೆ ಮುರಿಯುತ್ತಾರೆ. ಹೀಗೆ ಅದೇ ಸುವಾರ್ತೆಯ ಇನ್ನೊಂದು ಪುಟದಲ್ಲಿ ಉತ್ತರ ಸಿಕ್ಕಾಗ ನನಗೆ ಆಗುವ ಸಂತೋಷ ದೊಡ್ಡದು. ವ್ಯಾಖ್ಯಾನ ಪುಸ್ತಕ ಕೈಗೆತ್ತಿಕೊಳ್ಳುವ ಮುಂಚೆ ಹಿಂದೆ ಮುಂದೆ ನಾಲ್ಕು ಪುಟ ತಿರುವಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಈಗ 5 ಮತ್ತು 6ನೇ ವಚನ, ಬಂಡೆಯ ನೆಲ. ನಾನು ಚಿಕ್ಕಂದಿನಿಂದ ಇದನ್ನು ಕಲ್ಲು ತುಂಬಿದ ಹೊಲ ಎಂದೇ ತಿಳಿದಿದ್ದೆ. ಹೊಲದಲ್ಲಿ ಕಲ್ಲಿದ್ದರೆ ಆರಿಸಿ ಬದುವಿಗೆ ಹಾಕಿದರಾಯಿತು, ಅದರಲ್ಲೇನು? ಆದರೆ ವಚನ ಹೇಳುವುದು ಬೇರೆ: ಅಲ್ಲಿ ಮಣ್ಣು ಆಳವಾಗಿರಲಿಲ್ಲ. ಮೇಲೆ ತೆಳುವಾದ ಮಣ್ಣು, ಕೆಳಗೆ ಹಾಸುಬಂಡೆ. ಶಹಾಬಾದ್, ಚಿತ್ತಾಪುರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಗೆ ಹಾಸುವ ಫರ್ಸಿ ಸಿಗುವುದೇ ಅಲ್ಲಿ, ನೆಲದೊಳಗೆ ಪದರ ಪದರವಾಗಿ ಮಲಗಿರುವ ಸುಣ್ಣಕಲ್ಲು. ಪ್ಯಾಲೆಸ್ತೀನದ ಗುಡ್ಡಗಳಲ್ಲೂ ಬಹುಪಾಲು ಸುಣ್ಣಕಲ್ಲೇ.

ಎರಡನೇ ವಾರ ಕೂಟದ ಹಿರಿಯರೊಬ್ಬರು ತಮ್ಮ ಹೊಲದಿಂದ ಒಂದು ತೊಗರಿ ಗಿಡವನ್ನು ಬುಡಸಮೇತ ಅಗೆದು ತಂದರು. ಶ್ರಾವಣದಲ್ಲಿ ಮಳೆ ಹದಿನೈದು ದಿನ ಕೈಕೊಟ್ಟಿತ್ತು. ಎಲೆ ಮುದುಡಿ, ತುದಿ ಬಾಗಿತ್ತು. ಅವರು ಮಣ್ಣು ಕೊಡವಿ ಬೇರು ತೋರಿಸಿದರು. ತೊಗರಿಯ ತಾಯಿಬೇರು ನೆಟ್ಟಗೆ ಆಳಕ್ಕೆ ಇಳಿಯಬೇಕು. ಇದು ಒಂದು ಗೇಣು ಇಳಿದು, ಕಲ್ಲು ತಗುಲಿ, ಮೊಣಕೈ ಮಡಿಚಿದಂತೆ ಅಡ್ಡಕ್ಕೆ ತಿರುಗಿತ್ತು. “ಕೆಳಗ ಇಳೀಲಾಕ ಜಾಗಾನೇ ಇಲ್ಲ ನೋಡ್ರಿ. ಆದ್ರ ಎಲ್ಲಾಕ್ಕಿಂತ ಮೊದಲ ನಾಟಿದ್ದು ಇದೇ ಸಾಲು” ಎಂದರು. ಬೇಗ ಮೊಳೆತದ್ದಕ್ಕೆ ಮಣ್ಣು ಆಳವಿಲ್ಲದ್ದೇ ಕಾರಣ ಎಂದು 5ನೇ ವಚನವೂ ಹೇಳುತ್ತದೆ. ಆ ಗಿಡ ಕೈಯಿಂದ ಕೈಗೆ ಹೋಗುವಾಗ ಕೂಟದಲ್ಲಿ ಯಾರೂ ಮಾತಾಡಲಿಲ್ಲ.

ಗ್ರೀಕ್ ಮೂಲದಲ್ಲಿ ಇಲ್ಲೊಂದು ಗಮನಿಸುವ ವಿಷಯವಿದೆ. ‘ಕೂಡಲೆ’ ಎಂಬ ಅರ್ಥದ ‘ಯುಥುಸ್’ ಎಂಬ ಪದ ಈ ಸಾಮ್ಯದಲ್ಲಿ ನಾಲ್ಕು ಸಲ ಬರುತ್ತದೆ. ಕೂಡಲೆ ಮೊಳೆಯಿತು (5), ಸೈತಾನನು ಕೂಡಲೆ ಬಂದನು (15), ಕೂಡಲೆ ಸಂತೋಷದಿಂದ ಸ್ವೀಕರಿಸಿದರು (16), ಕೂಡಲೆ ಬಿದ್ದುಹೋದರು (17). ಒಳ್ಳೆಯ ನೆಲದ ಮಾತು ಬರುವ 8 ಮತ್ತು 20ನೇ ವಚನಗಳಲ್ಲಿ ಆ ಪದವೇ ಇಲ್ಲ. ಸಂತೋಷಪಡುವುದು ತಪ್ಪೆಂದು ಕರ್ತನು ಹೇಳಲಿಲ್ಲ. ಆ ಸಂತೋಷದ ಕೆಳಗೆ ಬೇರು ಇಳಿಯಲು ಜಾಗವಿರಲಿಲ್ಲ, ಅಷ್ಟೇ. ದೀಕ್ಷಾಸ್ನಾನವಾದ ವರ್ಷ ನಾನು ದಿನಕ್ಕೆ ಹತ್ತು ಅಧ್ಯಾಯ ಓದುತ್ತಿದ್ದೆ. ಮರುವರ್ಷ ಅಪ್ಪ ಆಸ್ಪತ್ರೆ ಸೇರಿದಾಗ ಆ ಉದ್ದನೆಯ ಕಾರಿಡಾರಿನಲ್ಲಿ ಕೂತು ಒಂದು ವಚನ ನೆನೆಸಿಕೊಳ್ಳಲು ಹೋದರೆ ಬಾಯಿಗೆ ಒಂದೂ ಬರಲಿಲ್ಲ. ಈಗ ಒಂದು ವಾರಕ್ಕೆ ಹತ್ತು ವಚನ ಸಾಕೆನ್ನುತ್ತೇನೆ.

ಲೂಕನು ಇದೇ ಕಥೆ ಹೇಳುವಾಗ (8:6) ಗಿಡ ಒಣಗಿದ್ದು ತೇವವಿಲ್ಲದ್ದರಿಂದ ಎನ್ನುತ್ತಾನೆ. ಆ ತೇವಕ್ಕೇ ನಮ್ಮವರು ‘ಹಸಿ’ ಎನ್ನುವುದು. ಮೂರು ಸುವಾರ್ತೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಇಂಥವು ಕಣ್ಣಿಗೆ ಬೀಳುತ್ತವೆ. ಒಳ್ಳೆಯ ನೆಲದವರು ವಾಕ್ಯ ಕೇಳಿ ಏನು ಮಾಡುತ್ತಾರೆ ಎಂಬುದಕ್ಕೆ ಮೂವರದೂ ಮೂರು ಕ್ರಿಯಾಪದ. ಮತ್ತಾಯನಲ್ಲಿ (13:23) ಗ್ರಹಿಸುತ್ತಾರೆ, ಮಾರ್ಕನಲ್ಲಿ (4:20) ಅಂಗೀಕರಿಸುತ್ತಾರೆ, ಲೂಕನಲ್ಲಿ (8:15) ಹಿಡಿದಿಟ್ಟುಕೊಂಡು ತಾಳ್ಮೆಯಿಂದ ಫಲ ಕೊಡುತ್ತಾರೆ. ನಮ್ಮ ಸಭೆಗಳಲ್ಲಿ ಅಂಗೀಕರಿಸುವುದಕ್ಕೆ ಒತ್ತು ಜಾಸ್ತಿ, ಗ್ರಹಿಸುವುದಕ್ಕೆ ಕಡಿಮೆ ಎಂದು ನನಗೆ ಅನ್ನಿಸುತ್ತದೆ.

ಮುಳ್ಳಿನ ನೆಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೊಗರಿ ಮೊದಲ ಎರಡು ತಿಂಗಳು ನಿಧಾನ ಬೆಳೆಯುತ್ತದೆ, ಆಗ ಎಡೆ ಹೊಡೆಯದಿದ್ದರೆ ಕಸ ಮೇಲಾಗುತ್ತದೆ. ಒಂದು ಮಾತ್ರ ಗುರುತು ಹಾಕಿಕೊಳ್ಳಿ. ಬಂಡೆ ಮೇಲಿನದು ಒಣಗಿತು ಎಂದಿದೆ. ಮುಳ್ಳಿನಲ್ಲಿ ಬಿದ್ದದ್ದು ಸತ್ತಿತು ಎಂದಿಲ್ಲ, ಮುಳ್ಳು ಅದನ್ನು ಅಡಗಿಸಿತು, ಅದು ಫಲ ಕೊಡಲಿಲ್ಲ ಎಂದಿದೆ (7). ಜತೆಗೆ ಯೆರೆಮೀಯ 4:3 ಮತ್ತು ಹೋಶೇಯ 10:12 ಓದಿ. ಪಾಳುಬಿದ್ದ ನೆಲವನ್ನು ಉಳಬಹುದು ಎನ್ನುವ ಪ್ರವಾದಿಗಳ ಮಾತು ಗೊತ್ತಿದ್ದರೆ, “ನೀನು ಯಾವ ನೆಲ?” ಎಂದು ಜನರನ್ನು ಹೆದರಿಸುವ ಪ್ರಸಂಗ ಮಾಡಲು ಬಾಯಿ ಬರುವುದಿಲ್ಲ.

ನೂರರಷ್ಟು ಫಲ ಎನ್ನುವಲ್ಲಿ ನಮ್ಮವರು ಎಡವುತ್ತಾರೆ. ಎಕರೆಗೆ ಐದು ಕಿಲೋ ತೊಗರಿ ಬಿತ್ತಿ ಐದು ಕ್ವಿಂಟಲ್ ರಾಶಿ ಮಾಡಿದವರಿಗೆ ಅದು ನೂರರಷ್ಟೇ ಆಯಿತಲ್ಲ, ಆಶ್ಚರ್ಯವೇನು ಎನ್ನಿಸುತ್ತದೆ. ಗಲಿಲಾಯದ ಜನ ಬಿತ್ತುತ್ತಿದ್ದದ್ದು ಹೆಚ್ಚಾಗಿ ಗೋದಿ, ಜವೆಗೋದಿ. ಆ ಕಾಲಕ್ಕೆ ಹತ್ತರಷ್ಟು ಬಂದರೆ ಒಳ್ಳೆಯ ಬೆಳೆ ಎಂಬುದು ಹಲವು ವಿದ್ವಾಂಸರ ಲೆಕ್ಕ. ಇಸಾಕನು ಗೆರಾರಿನಲ್ಲಿ ಬಿತ್ತಿ ಅದೇ ವರ್ಷ ನೂರರಷ್ಟು ಕೊಯ್ದದ್ದನ್ನು ಆದಿಕಾಂಡ 26:12 ಯೆಹೋವನ ಆಶೀರ್ವಾದವೆಂದೇ ಬರೆಯುತ್ತದೆ. ದೋಣಿಯ ಮುಂದೆ ದಡದಲ್ಲಿ ಕೂತು ಕೇಳಿದವರಿಗೆ ಆ ಸಂಖ್ಯೆ ಹಾಗೆ ತಟ್ಟಿರಬೇಕು.

ಕೊನೆಗೆ, ನನಗೆ ಈ ಭಾಗದ ಜೀವಾಳ ಎನ್ನಿಸಿದ್ದು. 3ರಿಂದ 20ರವರೆಗೆ ‘ಕೇಳು’ ಎಂಬ ಕ್ರಿಯಾಪದ ಮೂಲದಲ್ಲಿ ಒಂಬತ್ತು ಸಲ ಬರುತ್ತದೆ. “ಕೇಳಿರಿ” ಎಂದೇ ಸಾಮ್ಯ ಶುರು, ಧರ್ಮೋಪದೇಶಕಾಂಡ 6:4ರ “ಇಸ್ರಾಯೇಲೇ, ಕೇಳು” ನೆನಪಾಗುವ ಹಾಗೆ. ಮೊದಲ ಮೂರು ನೆಲಗಳ ವಿಷಯದಲ್ಲಿ ಆ ಕ್ರಿಯಾಪದದ ರೂಪ ಒಮ್ಮೆ ಕೇಳಿ ಮುಗಿಸಿದಂತಿದೆ. 20ನೇ ವಚನದಲ್ಲಿ ಮಾತ್ರ ವರ್ತಮಾನ ಕಾಲ. ಅವರು ಕೇಳುತ್ತಲೇ ಇದ್ದಾರೆ, ಅಂಗೀಕರಿಸುತ್ತಲೇ ಇದ್ದಾರೆ, ಫಲ ಕೊಡುತ್ತಲೇ ಇದ್ದಾರೆ.

ಇನ್ನು 10ನೇ ವಚನ. ಸಾಮ್ಯ ಮುಗಿಯಿತು. ಸುತ್ತಲಿದ್ದವರು ಹನ್ನೆರಡು ಮಂದಿಯ ಜತೆ ಉಳಿದು, ಇದರ ಅರ್ಥವೇನೆಂದು ವಿಚಾರಿಸುತ್ತಾರೆ. ಗುಂಪಿಗೂ ಶಿಷ್ಯರಿಗೂ ಇಲ್ಲಿ ಕಾಣುವ ವ್ಯತ್ಯಾಸ ಇದೊಂದೇ. ಅರ್ಥವಾಗದಿರುವುದರಲ್ಲಿ ಇಬ್ಬರೂ ಸಮ. ಕನ್ನಡದಲ್ಲಿ ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ಗ್ರೀಕಿನಲ್ಲಿ ಎರಡಕ್ಕೂ ಬೇರೆ ಬೇರೆ ಪದ, ಆದ್ದರಿಂದ ಇದರ ಮೇಲೆ ಬೋಧನೆ ಕಟ್ಟಬೇಡಿ. ಆದರೂ ನಮ್ಮ ಭಾಷೆಯ ಈ ಒಂದು ಪದದಲ್ಲಿ 3ನೇ ವಚನವೂ 10ನೇ ವಚನವೂ ಕೂಡಿಕೊಂಡಿವೆ. ಕೂಟದಲ್ಲಿ ನಾಲ್ಕು ವರ್ಷದಿಂದ ಹಿಂದಿನ ಸಾಲಿನಲ್ಲಿ ಕೂತು ಒಂದೂ ಮಾತಾಡದ ಅವ್ವ ಒಬ್ಬರು ಮೂರನೇ ವಾರ, “ನನಗ ಓದಾಕ ಬರಂಗಿಲ್ಲ, ಕೇಳಿದ್ರ ನಡೀತದೇನ್ರಿ?” ಎಂದರು. ಯಾವ ಅರ್ಥದಲ್ಲಿ ಎಂದು ನಾವು ತಿರುಗಿ ಕೇಳಲಿಲ್ಲ. ಅಂದಿನಿಂದ ಪ್ರತಿ ಬುಧವಾರ ಮೊದಲ ಪ್ರಶ್ನೆ ಅವರದೇ.

ಮುಂದಿನ ವಾರಕ್ಕೆ 4:21–34. ಅದರಲ್ಲಿ 26ರಿಂದ 29ರವರೆಗಿನ ಸಾಮ್ಯ ಮಾರ್ಕನಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಅಲ್ಲಿ ಬಿತ್ತಿದವನು ಮಲಗಿ ಏಳುತ್ತಾನೆ, ಬೀಜ ತಾನಾಗಿಯೇ ಬೆಳೆಯುತ್ತದೆ. ಹಾಗಿದ್ದರೆ ಎಡೆ ಹೊಡೆಯುವ ನಮ್ಮ ಕೆಲಸಕ್ಕೆ ಅರ್ಥವೇನು? ಒಬ್ಬೊಬ್ಬರೂ ಒಂದು ಪ್ರಶ್ನೆಯನ್ನಾದರೂ ಬರೆದುಕೊಂಡು ಬನ್ನಿ.