ಹಳೇ ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೆ ಮೊದಲು ಸೈಲೆನ್ಸರ್ ನೋಡಿ

ಡಿಸೆಂಬರ್ ಬಂತೆಂದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆ ಬೆಳಗಿನ ಹೊತ್ತು ಹಳೇ ಟ್ರ್ಯಾಕ್ಟರುಗಳದ್ದು ಒಂದೇ ಗೋಳು. ರಾಗಿ ಕಣದ ಕೆಲಸ ಕಾದಿರುತ್ತದೆ, ಗಾಡಿ ಹತ್ತಿಕೊಳ್ಳುವುದಿಲ್ಲ. ಡೀಸೆಲ್ ಹೆಪ್ಪುಗಟ್ಟಿದೆ ಎನ್ನುವವರಿದ್ದಾರೆ. ನಮ್ಮ ಕಡೆಯ ಚಳಿಗೆ ಡೀಸೆಲ್ ಹೆಪ್ಪುಗಟ್ಟುವುದಿಲ್ಲ. ಚಳಿಗೆ ಬ್ಯಾಟರಿ ಸೋಲುತ್ತದೆ, ಎಂಜಿನ್ ಆಯಿಲ್ ಮಂದವಾಗುತ್ತದೆ, ಸಿಲಿಂಡರಿನ ಗಾಳಿ ಬೇಕಾದಷ್ಟು ಕಾಯುವುದಿಲ್ಲ. ಮೊದಲೇ ಸವೆದ ಎಂಜಿನ್ನಿಗೆ ಇಷ್ಟು ಸಾಕು.

ಇಂಥ ಹೊತ್ತಿನಲ್ಲಿ ಸ್ಪಾನರ್ ನೇರವಾಗಿ ಹೋಗುವುದು ನಾಜಲ್ ಮೂಲಕ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಡೀಸೆಲ್ ಪಂಪಿಗೆ. ಅದು ತಪ್ಪು. ಪಂಪು ಕೊನೆಗೆ ಮುಟ್ಟಬೇಕಾದ ಭಾಗ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಸೈಲೆನ್ಸರಿನ ಬಾಯಿ ನೋಡಲಿ. ಹೊಗೆಯೇ ಬರದಿದ್ದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ: ಶಾಖ ಸಾಲದು, ಕಂಪ್ರೆಶನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ) ಇಲ್ಲ, ಇಲ್ಲವೇ ಸೆಲ್ಫ್ ನಿಧಾನ. ಕಪ್ಪು ಹೊಗೆ ಬಂದರೆ ಏರ್ ಕ್ಲೀನರ್ ಬಿಚ್ಚಿ ನೋಡಿ. ಆಯಿಲ್ ಬಟ್ಟಲಿನ ತಳದಲ್ಲಿ ಕೆಸರು ಗಟ್ಟಿಯಾಗಿರುತ್ತದೆ.

ಸೆಲ್ಫ್ ತಿರುಗದೇ ಇದ್ದರೆ ಹೊಗೆಯ ಮಾತೇ ಬರುವುದಿಲ್ಲ. ತುಂಬಿದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ 12.6 ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಡೌನ್ ಆಗಿದೆ, ಇಲ್ಲವೇ ಸೆಲ್ಫ್ ಮೋಟರೇ ಹೆಚ್ಚು ಎಳೆಯುತ್ತಿದೆ. ಬ್ಯಾಟರಿ ಚೆನ್ನಾಗಿದ್ದೂ ತಿರುಗದಿದ್ದರೆ ಅರ್ಥ್ ಕೇಬಲ್ ನೋಡಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ತುಕ್ಕು ಅಲ್ಲಿಯೇ ಇದೆ. ಬಣ್ಣ ಬಳಿದ ಜಾಗದ ಮೇಲೆ ಕೇಬಲಿನ ಲಗ್ ಕೂರಿಸಿ ಬಿಗಿ ಮಾಡಿದರೆ ಪ್ರಯೋಜನವಿಲ್ಲ, ಕಬ್ಬಿಣ ಹೊಳೆಯುವಂತೆ ಉಜ್ಜಬೇಕು. ಕೆಲವು ಗಾಡಿಗಳಲ್ಲಿ ಹೈ-ಲೋ ಗೇರ್ ಲಿವರ್ ನ್ಯೂಟ್ರಲ್ಲಿನಲ್ಲಿ ಇಲ್ಲದಿದ್ದರೆ ಸೆಲ್ಫಿಗೆ ಕರೆಂಟೇ ಹೋಗುವುದಿಲ್ಲ. ಆ ಸ್ವಿಚ್ಚಿನ ಕಾಟ ಬೇಡವೆಂದು ಸ್ಕ್ರೂ ಡ್ರೈವರಿನಿಂದ ಸೊಲೆನಾಯ್ಡ್ (ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್) ಶಾರ್ಟ್ ಮಾಡುವ ಚಾಳಿ ಬಿಡಿ. ಗೇರಿನಲ್ಲಿದ್ದ ಗಾಡಿ ಹತ್ತಿಕೊಂಡರೆ ಹಿಂದಿನ ಚಕ್ರದ ಮುಂದೆ ನಿಂತವನೇ ಅದಕ್ಕೆ ಸಿಗುವುದು.

ಮೋಟರ್ ಬರ್ರೆಂದು ಸುತ್ತಿ ಎಂಜಿನ್ ಅಲುಗದಿದ್ದರೆ ಪಿನಿಯನ್ (ಸೆಲ್ಫಿನ ಸಣ್ಣ ಹಲ್ಲುಚಕ್ರ) ಅಥವಾ ಅದು ಕಚ್ಚುವ ಫ್ಲೈವೀಲಿನ ರಿಂಗ್ ಗೇರ್ ಸವೆದಿದೆ. ಮೂರು ಸಿಲಿಂಡರಿನ ಎಂಜಿನ್ ಆಫ್ ಆದಾಗ ಸುಮಾರಾಗಿ ಅವೇ ಮೂರು ಜಾಗದಲ್ಲಿ ನಿಲ್ಲುತ್ತದೆ, ನಾಲ್ಕರದ್ದು ಎರಡು ಜಾಗದಲ್ಲಿ. ಹಲ್ಲು ಸವೆಯುವುದೂ ಅಲ್ಲಿಯೇ. ಗಾಡಿಯನ್ನು ಮಧ್ಯಕ್ಕೆ ಬಿಚ್ಚಿದಾಗ ರಿಂಗನ್ನು ಕಾಯಿಸಿ ತೆಗೆದು, ಮೂರು ಸಿಲಿಂಡರಿನದಾದರೆ 60 ಡಿಗ್ರಿ, ನಾಲ್ಕರದ್ದಾದರೆ 90 ಡಿಗ್ರಿ ತಿರುಗಿಸಿ ಕೂರಿಸಿದರೆ ಹೊಸ ರಿಂಗಿನ ಖರ್ಚು ಸದ್ಯಕ್ಕೆ ಉಳಿಯುತ್ತದೆ.

ಇನ್ನು ಹೊಗೆಯೇ ಇಲ್ಲದ ಗಾಡಿ. ಮೊದಲು ಎಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ಗುಬ್ಬಿ ನೋಡಿ. ಹಳೇ ಕೇಬಲ್ ತುಕ್ಕು ಹಿಡಿದು, ಗುಬ್ಬಿ ಒಳಗೆ ಹೋದರೂ ಪಂಪಿನ ಲಿವರ್ ಪೂರ್ತಿ ಹಿಂದಕ್ಕೆ ಬಂದಿರುವುದಿಲ್ಲ. ಕೈಯಿಂದ ಲಿವರನ್ನೇ ತಳ್ಳಿ ನೋಡಿ. ಅದು ಸರಿಯಿದ್ದರೆ ಡೀಸೆಲ್ ಲೈನಿನಲ್ಲಿ ಏರ್ ಸೇರಿದೆ. ಸಂಜೆ ಚೆನ್ನಾಗಿ ಓಡಿದ ಗಾಡಿ ಬೆಳಗ್ಗೆ ಹತ್ತದಿದ್ದರೆ, ರಾತ್ರಿ ಲೈನಿನ ಡೀಸೆಲ್ ಟ್ಯಾಂಕಿಗೆ ಹಿಂದಿಳಿದಿದೆ ಎಂದೇ ತಿಳಿಯಿರಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಇದು ಡೀಸೆಲ್ ಎಳೆದು ಫಿಲ್ಟರಿಗೆ ತಳ್ಳುವ ಸಣ್ಣ ಪಂಪು) ಪೈಪಿನಲ್ಲಿ ಸೀಳಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಜಿನುಗದೆ ಗಾಳಿ ಒಳಗೆ ಹೋಗಬಹುದು. ಫೀಡ್ ಪಂಪಿನ ಆಚೆಯದ್ದಾದರೆ ಒದ್ದೆ ಕಾಣುತ್ತದೆ. ಒಣಗಿದ ಲೈನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುವುದು ಇದಕ್ಕೇ ಮೋಸ. ಅನುಮಾನವಿದ್ದರೆ ಐದು ಲೀಟರಿನ ಕ್ಯಾನನ್ನು ಎತ್ತರಕ್ಕೆ ಕಟ್ಟಿ, ಪೈಪು ನೇರ ಫಿಲ್ಟರಿಗೆ ಕೊಡಿ. ಏರ್ ತೆಗೆದ ಮೇಲೆ ಗಾಡಿ ಹತ್ತಿಕೊಂಡರೆ ತಪ್ಪು ಟ್ಯಾಂಕು ಇಲ್ಲವೇ ಫೀಡ್ ಪಂಪಿನ ಕಡೆಗೇ.

ಏರ್ ತೆಗೆಯುವುದಕ್ಕೂ ಒಂದು ಕ್ರಮವಿದೆ. ಟ್ಯಾಂಕು ಅರ್ಧಕ್ಕಿಂತ ಹೆಚ್ಚಿರಲಿ, ಗಾಜಿನ ಬಟ್ಟಲಿದ್ದರೆ ಬಿಚ್ಚಿ ತಳದ ನೀರು, ಮಣ್ಣು ತೊಳೆಯಿರಿ. ಕೋಲಾರದ ಕಡೆ ನೀರಿನ ಟ್ಯಾಂಕರ್ ಎಳೆಯುವ ಗಾಡಿಗಳಿಗೆ ಕ್ಯಾನಿನಲ್ಲೇ ಡೀಸೆಲ್ ಬರುವುದರಿಂದ ಈ ಬಟ್ಟಲು ಬೇಗ ಕೊಳೆಯಾಗುತ್ತದೆ. ಮೊದಲನೇ ಫಿಲ್ಟರಿನ ಬ್ಲೀಡ್ ಸ್ಕ್ರೂ ಒಂದು ಸುತ್ತು ಸಡಿಲಿಸಿ ಫೀಡ್ ಪಂಪಿನ ಕೈ ಲಿವರ್ ಒತ್ತುತ್ತಿರಿ. ನೊರೆ ನಿಂತು ಡೀಸೆಲ್ ಎಳೆಯಂತೆ ಬಂದಾಗ, ಅದು ಹರಿಯುತ್ತಿರುವಾಗಲೇ ಬಿಗಿ ಮಾಡಿ. ಆಮೇಲೆ ಎರಡನೇ ಫಿಲ್ಟರ್, ಆಮೇಲೆ ಪಂಪಿನ ಸ್ಕ್ರೂ. ಲಿವರ್ ಹಿಡಿತವಿಲ್ಲದೆ ಸುಮ್ಮನೆ ಜೋಲಾಡಿದರೆ ಫೀಡ್ ಪಂಪ್ ಕೆಟ್ಟಿದೆ ಎನ್ನಬೇಡಿ. ಆ ಪಂಪನ್ನು ಒತ್ತುವ ಕ್ಯಾಮ್ ಎತ್ತರದಲ್ಲಿ ನಿಂತಿದೆ, ಎಂಜಿನ್ನನ್ನು ಒಂದು ಸುತ್ತು ತಿರುಗಿಸಿದರೆ ಲಿವರಿಗೆ ಹಿಡಿತ ಬರುತ್ತದೆ. ಕೊನೆಗೆ ನಾಜಲ್ ಪೈಪಿನ ನಟ್ಟುಗಳನ್ನು ಅರ್ಧದಿಂದ ಒಂದು ಸುತ್ತು ಬಿಟ್ಟು, ಥ್ರಾಟಲ್ ಪೂರ್ತಿ ಎಳೆದು ಸೆಲ್ಫ್ ಹೊಡೆಯಿರಿ, ಚಿಮ್ಮಿದ ಮೇಲೆ ಬಿಗಿ ಮಾಡಿ. ಅಲ್ಲಿಗೆ ಬೆರಳು ಹಿಡಿಯಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಳೇ ತಾಮ್ರದ ವಾಷರನ್ನೇ ಹಾಕುವುದಾದರೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆದು ಮಾಡಿಕೊಳ್ಳಿ, ಇಲ್ಲದಿದ್ದರೆ ಮತ್ತೆ ಗಾಳಿ ಹಿಡಿಯುತ್ತದೆ.

ಬಿಳಿ ಹೊಗೆಗೆ ಮೊದಲು ಹೀಟರ್. ಮ್ಯಾನಿಫೋಲ್ಡಿನಲ್ಲಿ (ಎಂಜಿನ್ನಿಗೆ ಗಾಳಿ ಹೋಗುವ ದಾರಿ) ಹೀಟರ್ ಇರುವ ಗಾಡಿಗೆ 15ರಿಂದ 20 ಸೆಕೆಂಡು ಕೊಟ್ಟು ಸೆಲ್ಫ್ ಹೊಡೆಯಬೇಕು. ಹೀಟರ್ ಬಳಿ ಮ್ಯಾನಿಫೋಲ್ಡ್ ಬೆಚ್ಚಗಾಗದಿದ್ದರೆ ವೈರು ನೋಡಿ, ಡೀಸೆಲ್ ಹನಿಸುವ ಸಣ್ಣ ಪೈಪು ಇರುವ ಬಗೆಯಾದರೆ ಅದು ಒಣಗಿಲ್ಲವೇ ನೋಡಿ. ಏರ್ ಕ್ಲೀನರಿನ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಈಥರ್ ಸ್ಪ್ರೇ ಹೊಡೆಯುವುದು ಹೀಟರ್ ಕಾದಿರುವಾಗ ಬೆಂಕಿಗೆ ದಾರಿ. ಸೆಲ್ಫನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಅರ್ಧ ನಿಮಿಷ ಬಿಡಿ.

ಬ್ಯಾಟರಿ, ಏರ್, ಹೀಟರ್ ಎಲ್ಲ ಸರಿಯಿದ್ದೂ ಬಿಳಿ ಹೊಗೆ ನಿಲ್ಲದಿದ್ದರೆ ಕಂಪ್ರೆಶನ್. ನಾಜಲ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಡಿ, ಹೆಚ್ಚು ಬೇಡ. ಪಿಸ್ಟನ್ ಮೇಲೆ ಎಣ್ಣೆ ನಿಂತರೆ ಎಂಜಿನ್ ಅಲ್ಲಾಡದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಜಲ್ ತೆಗೆದೇ ಒಂದೆರಡು ಸುತ್ತು ತಿರುಗಿಸಿ, ಆಮೇಲೆ ಜೋಡಿಸಿ. ಆಗ ಚುರುಕಾಗಿ ಹತ್ತಿಕೊಂಡರೆ ಪಿಸ್ಟನ್ ರಿಂಗು ಮತ್ತು ಲೈನರ್ ಸವೆದಿವೆ. ಏನೂ ವ್ಯತ್ಯಾಸ ಕಾಣದಿದ್ದರೆ ಮೊದಲು ಟ್ಯಾಪೆಟ್ (ವಾಲ್ವು ತೆರೆಯುವ ಭಾಗ) ಅಂತರ ನೋಡಿ, ಆಮೇಲೆ ವಾಲ್ವು. ಇಷ್ಟಾದರೂ ಜಗ್ಗದ ಗಾಡಿಯ ಪಂಪು, ನಾಜಲುಗಳನ್ನು ಬಿಚ್ಚಿ ಕ್ಯಾಲಿಬ್ರೇಷನ್ ಅಂಗಡಿಗೆ ಕೊಡುವಾಗ, ಪಂಪಿನ ಫ್ಲೇಂಜಿಗೂ ಎಂಜಿನ್ನಿಗೂ ಸೇರಿ ಒಂದು ಗೆರೆ ಗೀರಿಡಿ. ಟೈಮಿಂಗ್ ಮರಳಿ ಕೂರಿಸಲು ಅದು ಬೇಕು.