ಲೆಕ್ಕ ತೆರೆಯುವ ಮೊದಲೇ ಮುಗಿಯುವ ಅಪೀಲು

ದಾವಣಗೆರೆ ಎಪಿಎಂಸಿಯ ಒಬ್ಬ ದಲ್ಲಾಳಿ ವರ್ತಕರು ಅಂತ ಇಟ್ಟುಕೊಳ್ಳಿ. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಮೆಕ್ಕೆಜೋಳ ಮಾರಿದ ನಗದನ್ನು ಬ್ಯಾಂಕಿಗೆ ಕಟ್ಟಿದ್ದರು. ಹಣದ ಮೂಲ ತೋರಿಸಿಲ್ಲ ಅಂತ ತೆರಿಗೆ ಅಧಿಕಾರಿ ಅಷ್ಟನ್ನೂ ಆದಾಯಕ್ಕೆ ಸೇರಿಸಿದರು. ಆಗ ಇಂಥ ಆದಾಯಕ್ಕೆ ತೆರಿಗೆ ಶೇ 60 ಇತ್ತು, ಅದರ ಮೇಲೆ ಸರ್‌ಚಾರ್ಜ್ ಬೇರೆ. ವರ್ತಕರ ಹತ್ತಿರ ಮಾರಾಟದ ಪಟ್ಟಿ, ಖಾತೆ ಪುಸ್ತಕ ಎಲ್ಲ ಇದೆ. ಆದರೂ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಮೊದಲ ಪ್ರಶ್ನೆ ಮೆಕ್ಕೆಜೋಳದ್ದಲ್ಲ. ಯಾಕೆ ತಡ ಮಾಡಿದಿರಿ, ಕೆಳಗಿನ ಹಂತದಲ್ಲಿ ಯಾಕೆ ಹಾಜರಾಗಲಿಲ್ಲ ಅಂತ.

ಈ ಜಗಳ ಹಳೆಯದು. ನ್ಯಾಯಮಂಡಳಿ ಶುರುವಾಗಿದ್ದು 1941ರ ಜನವರಿ 25ರಂದು. ಮೊದಲು ಅದು ಹಣಕಾಸು ಇಲಾಖೆಯ ಕೆಳಗಿತ್ತು. ತೆರಿಗೆ ವಸೂಲಿ ಮಾಡುವವರ ಕೈಕೆಳಗೇ ತೀರ್ಪು ಕೊಡುವವರೂ ಇದ್ದರೆ ಜನ ನಂಬುವುದು ಹೇಗೆ, ಅಲ್ವಾ? 1942ರಲ್ಲಿ ಅದನ್ನು ಕಾನೂನು ನೋಡುವ ಇಲಾಖೆಗೆ ಒಪ್ಪಿಸಿದರು.

ಆದರೂ ಆಗಿನ ನಿಯಮ ಬಿಗಿಯಾಗಿತ್ತು. ಅಪೀಲುದಾರ ವಿಚಾರಣೆಗೆ ಬರದಿದ್ದರೆ ಅಷ್ಟಕ್ಕೇ ಅಪೀಲು ವಜಾ ಮಾಡಬಹುದಿತ್ತು. 1969ರಲ್ಲಿ ಚೆನ್ನಿಯಪ್ಪ ಮುದಲಿಯಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಬರದಿದ್ದರೂ ಅಪೀಲಿನಲ್ಲಿರುವ ವಿಷಯ ನೋಡಿಯೇ ತೀರ್ಮಾನಿಸಬೇಕು ಅಂದಿತು. ತಡವಾಗಿ ಬಂದವರಿಗೆ ನೆರವಾದದ್ದು ಸುಪ್ರೀಂ ಕೋರ್ಟಿನದೇ 1987ರ ಕಾತಿಜಿ ತೀರ್ಪು. ಅಲ್ಲಿ ತಡವಾಗಿದ್ದು ಬರೀ 4 ದಿನ. ತಡ ಮಾಡಿದರೆ ಅಪೀಲುದಾರನಿಗೆ ಸಾಮಾನ್ಯವಾಗಿ ಯಾವ ಲಾಭವೂ ಇಲ್ಲ, ಹಾಗಾಗಿ ಸುಮ್ನೆ ಬಾಗಿಲು ಮುಚ್ಚಬೇಡಿ ಎಂಬುದು ಅದರ ತಿರುಳು. ಇವತ್ತಿಗೂ ವಿಳಂಬ ಮನ್ನಾ ಅರ್ಜಿಗಳಲ್ಲಿ ಈ ತೀರ್ಪಿನ ಹೆಸರು ಮತ್ತೆ ಮತ್ತೆ ಕಾಣುತ್ತದೆ.

ತೊಡಕು ಈಗ ಬೇರೆ ಕಡೆಯಿಂದ ಬಂದಿದೆ. ನ್ಯಾಯಮಂಡಳಿಗಿಂತ ಮೊದಲು ಆದಾಯ ತೆರಿಗೆ ಕಮಿಷನರ್ ಮುಂದೆ ಒಂದು ಅಪೀಲು ಇರುತ್ತದೆ. ಅದಕ್ಕೆ 30 ದಿನದ ಗಡುವು. 2020ರ ಸೆಪ್ಟೆಂಬರ್ 25ರಿಂದ ಈ ಹಂತ ಬಹುಪಾಲು ಮುಖಾಮುಖಿ ಇಲ್ಲದ್ದಾಯಿತು. ನೋಟಿಸು ಬರುವುದು ಪೋರ್ಟಲ್‌ಗೆ, ಇಮೇಲ್‌ಗೆ. ಆ ಇಮೇಲ್ ಯಾರದು? ಎಷ್ಟೋ ಸಲ ರಿಟರ್ನ್ ತುಂಬಿಕೊಟ್ಟವರದು. ಅವರು ಕೆಲಸ ಬಿಟ್ಟಿರಬಹುದು, ಊರು ಬಿಟ್ಟಿರಬಹುದು. ಚಿತ್ರದುರ್ಗದ ಕಡೆಯ ಸಣ್ಣ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿ ಬದಲಾದರೆ ಪಾಸ್‌ವರ್ಡ್ ಕೂಡ ಅವರ ಜೊತೆಗೇ ಹೋಗಿಬಿಡುತ್ತದೆ. ನೋಟಿಸಿನ ಮೇಲೆ ನೋಟಿಸು ಬಂದಿರುತ್ತದೆ, ಯಾರೂ ತೆರೆದಿರುವುದಿಲ್ಲ. ಕೊನೆಗೆ 'ಉತ್ತರವಿಲ್ಲ' ಅಂತ ಆದೇಶ ಆಗುತ್ತದೆ. ಬ್ಯಾಂಕ್ ಖಾತೆ ಜಪ್ತಿಯಾದಾಗ ವಿಷಯ ಗೊತ್ತಾಗುತ್ತದೆ.

ಇಲ್ಲಿ ಒಂದು ಕಾಲಂ ಬಗ್ಗೆ ಹೇಳಲೇಬೇಕು. ಮೊದಲ ಅಪೀಲಿನ ಫಾರಂ 35ರಲ್ಲಿ ನೋಟಿಸುಗಳನ್ನು ಇಮೇಲ್‌ಗೆ ಕಳಿಸಬಹುದೇ ಅಂತ ಕೇಳಿರುತ್ತಾರೆ. 'ಇಲ್ಲ' ಅಂದವರಿಗೂ ಬರೀ ಇಮೇಲ್‌ನಲ್ಲೇ ನೋಟಿಸು ಹೋಗಿರುವ ಪ್ರಕರಣಗಳಿವೆ. ಅಂಥವನ್ನು ನ್ಯಾಯಮಂಡಳಿಯ ಪೀಠಗಳು ಹೊಸದಾಗಿ ವಿಚಾರಣೆ ಮಾಡಿ ಅಂತ ಕೆಳಕ್ಕೆ ಕಳಿಸಿವೆ. ಅದು ನ್ಯಾಯವೇ. 'ಬೇಡ' ಅಂದ ದಾರಿಯಲ್ಲಿ ಕಳಿಸಿ, ಆಮೇಲೆ ಉತ್ತರ ಕೊಡಲಿಲ್ಲ ಅನ್ನುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಇನ್ನು, ಬರದವರ ಅಪೀಲನ್ನು ಕಮಿಷನರ್ ಕೂಡ ಕಾರಣ ಬರೆಯದೆ ತಳ್ಳಿಹಾಕುವಂತಿಲ್ಲ ಅಂತ ಬಾಂಬೆ ಹೈಕೋರ್ಟ್ 2016ರಲ್ಲೇ ಹೇಳಿದೆ.

ವಾಪಸ್ ಕಳಿಸಿದರೆ ಗೆದ್ದಂತೆ ಅಲ್ಲ. ವರ್ಷಗಳು ಕಳೆದಿರುತ್ತವೆ, ಫೀಸು ಕಟ್ಟಿರುತ್ತಾರೆ, ನಗದಿನ ಲೆಕ್ಕ ಇನ್ನೂ ಯಾರೂ ನೋಡಿರುವುದಿಲ್ಲ. ಆದ್ದರಿಂದ ಅಪೀಲು ಹಾಕಿದ ದಿನವೇ ಪೋರ್ಟಲ್‌ನಲ್ಲಿರುವ ಇಮೇಲ್, ಫೋನ್ ನಂಬರ್ ತಮ್ಮದೇ ಹೌದಾ ಅಂತ ನೋಡಿಕೊಳ್ಳುವುದು ಒಳ್ಳೆಯದು.

ಗಡುವಿನಲ್ಲಿ ಮಾತ್ರ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿದೆ. ಮೊದಲು ಆದೇಶ ಕೈಸೇರಿದ ದಿನದಿಂದ 60 ದಿನದೊಳಗೆ ನ್ಯಾಯಮಂಡಳಿಗೆ ಹೋಗಬೇಕಿತ್ತು. 2024ರ ಅಕ್ಟೋಬರ್ 1ರಿಂದ, ಆದೇಶ ಕೈಸೇರಿದ ತಿಂಗಳು ಮುಗಿದ ಮೇಲೆ ಎರಡು ತಿಂಗಳು. ಅಂದರೆ ನವೆಂಬರ್ 10ಕ್ಕೆ ಆದೇಶ ಸಿಕ್ಕಿದವರಿಗೆ ಜನವರಿ ಕೊನೆಯವರೆಗೂ ಸಮಯ ಇದೆ.